ಕೋಸಲದೊರೆಯ ಕೊನೆಯ ತುತ್ತು

ಮೈ ಇಳಿಸಬೇಕೆಂಬ ಚಿಂತೆ ಇಂದಿನ ನಾಗರಿಕತೆ ತಂದ ಹೊಸ ಗೀಳು ಎಂದು ತಿಳಿದವರು ನಮ್ಮಲ್ಲಿ ಬಹು ಮಂದಿ ಇದ್ದಾರೆ. ಹಿಂದಿನವರು ಹೊಟ್ಟೆ ತುಂಬ ಉಂಡರು, ಮೈ ಮುರಿದು ದುಡಿದರು, ಉಂಡದ್ದನ್ನು ಅರಗಿಸಿಕೊಂಡರು. ಬೊಜ್ಜಿನ ಗೊಡವೆಯೇ ಅವರಿಗಿರಲಿಲ್ಲ ಎಂದು ಹಿರಿಯರು ಹೇಳುವುದುಂಟು. ಹೊಲದಲ್ಲಿ ದುಡಿದವರ ಮಟ್ಟಿಗೆ ಈ ಮಾತು ನಿಜ. ಆದರೆ ಕುಳಿತಲ್ಲಿಗೇ ಊಟ ಬರುವ ಅನುಕೂಲ ಯಾರಿಗೆ ಯಾವ ಕಾಲದಲ್ಲಿ ಒದಗಿತೋ ಅವರಿಗೆ ಆ ಕಾಲದಲ್ಲಿಯೇ ಈ ಚಿಂತೆಯೂ ಒದಗಿತು. ಅಂದು ಅದು ಅರಸರಿಗೂ ಸಿರಿವಂತರಿಗೂ ಮೀಸಲಾಗಿತ್ತು; ಇಂದು ಮೇಜಿನ ಮುಂದೆ ಕುಳಿತು ಹೊಟ್ಟೆ ಹೊರೆಯುವ ನಮ್ಮೆಲ್ಲರ ಪಾಲಿಗೂ ಬಂದಿದೆ. ಆದುದರಿಂದ ಹಿಂದಿನವರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರು, ಯಾರಿಗೆ ಇಳಿದ ಮೈ ಇಳಿದೇ ಉಳಿಯಿತು, ಯಾರಿಗೆ ಮತ್ತೆ ಏರಿತು ಎಂಬ ಚರಿತ್ರೆಯನ್ನು ತಿಳಿಯುವುದು ಬರಿಯ ಕುತೂಹಲಕ್ಕಲ್ಲ.

ಬಹು ಹಳೆಯ ಉದಾಹರಣೆಯೊಂದು ಪಾಳಿ ಗ್ರಂಥಗಳಲ್ಲಿದೆ. ಕೋಸಲದ ಅರಸ ಪ್ರಸೇನಜಿತ, ಪಾಳಿಯಲ್ಲಿ ಪಸೇನದಿ, ಬುದ್ಧನ ಸಮಕಾಲೀನ. ಶ್ರಾವಸ್ತಿ ಅವನ ರಾಜಧಾನಿ. ಈ ದೊರೆ ಉಣ್ಣುತ್ತಿದ್ದದ್ದು ಒಂದು ದ್ರೋಣದ ಅಡುಗೆ ಎಂದು ಸಂಯುತ್ತನಿಕಾಯ ಹೇಳುತ್ತದೆ. ದ್ರೋಣವೆಂದರೆ ಎಷ್ಟು? ಕೌಟಿಲ್ಯನ ಲೆಕ್ಕದಲ್ಲಿ ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ನಮ್ಮ ಸೇರು ಪಾವುಗಳು ಊರಿಂದೂರಿಗೆ ಬೇರೆಯಾಗುತ್ತಿದ್ದಂತೆ ಆ ಅಳತೆಗಳೂ ಬೇರೆಬೇರೆಯಾಗಿದ್ದಿರಬೇಕು. ಆದರೂ ಒಬ್ಬ ಮನುಷ್ಯನ ಊಟಕ್ಕೆ ಅದು ಅತಿಯೆಂಬುದರಲ್ಲಿ ಸಂಶಯವಿಲ್ಲ. ಒಂದು ದಿನ ದೊರೆ ಉಂಡು, ಏದುಸಿರು ಬಿಡುತ್ತ ಬುದ್ಧನ ಬಳಿಗೆ ಬಂದು ಕುಳಿತ. ಅವನ ಅವಸ್ಥೆಯನ್ನು ಕಂಡ ಬುದ್ಧ, ಊಟದಲ್ಲಿ ಅಳತೆಯರಿತವನಿಗೆ ನೋವು ಕಡಿಮೆ, ಮುಪ್ಪು ನಿಧಾನ ಎಂಬರ್ಥದ ಒಂದು ಗಾಥೆಯನ್ನು ಹೇಳಿದ. ದೊರೆಯ ಹಿಂದೆ ಸುದರ್ಶನನೆಂಬ ಹುಡುಗ ನಿಂತಿದ್ದ. "ಮಗು, ಈ ಗಾಥೆಯನ್ನು ಕಲಿತುಕೊ, ನಾನು ಉಣ್ಣುವಾಗ ದಿನವೂ ಹೇಳು, ದಿನಕ್ಕೆ ನೂರು ಕಹಾಪಣ ಕೊಡುವೆ" ಎಂಬುದು ದೊರೆಯ ಅಪ್ಪಣೆ. ಹುಡುಗ ಹಾಗೆಯೇ ಮಾಡಿದ. ದೊರೆಯ ಊಟ ಕ್ರಮಕ್ರಮವಾಗಿ ಇಳಿದು ಒಂದು ನಾಳಿಯ ಅನ್ನಕ್ಕೆ ನಿಂತಿತು. ನಾಳಿಯೆಂದರೆ ಹೆಚ್ಚುಕಡಿಮೆ ಒಂದು ಪ್ರಸ್ಥ, ಅಂದರೆ ದ್ರೋಣದ ಹದಿನಾರನೆಯ ಒಂದು ಪಾಲು.

ಹೇಗೆ ಇಳಿಯಿತು ಎಂಬುದನ್ನು ಧಮ್ಮಪದದ ಅಟ್ಠಕಥೆ ವಿವರಿಸುತ್ತದೆ. ದೊರೆ ಕೊನೆಯ ತುತ್ತಿಗೆ ಕೈ ಹಾಕಿದಾಗ ಹುಡುಗ ಗಾಥೆ ಹೇಳಬೇಕು. ದೊರೆ ಆ ತುತ್ತನ್ನು ಉಣ್ಣದೆ ಬಿಡಬೇಕು. ಆ ತುತ್ತಿನಲ್ಲಿ ಎಷ್ಟು ಅಗುಳು ಇದ್ದವೋ ಎಣಿಸಿ, ಮುಂದಿನ ಅಡುಗೆಯಲ್ಲಿ ಅಷ್ಟು ಅಕ್ಕಿಯನ್ನು ಕಡಿಮೆ ಮಾಡಬೇಕು. ಇಷ್ಟೇ ಕ್ರಮ.

ವಾಚಕರು ಈ ಕತೆಯನ್ನು ಸ್ವಲ್ಪ ನಿಂತು ನೋಡಬೇಕು. ಹದಿನಾರು ಪಾಲಿನಲ್ಲಿ ಒಂದು ಪಾಲಿಗೆ ಇಳಿಯುವುದೆಂದರೆ ಸಾಮಾನ್ಯವಲ್ಲ. ನಾಳೆಯಿಂದಲೇ ಒಂದು ನಾಳಿ ಎಂದು ಬುದ್ಧ ಕಟ್ಟು ಮಾಡಿದ್ದರೆ ದೊರೆ ಮೂರು ದಿನ ತಡೆದು ನಾಲ್ಕನೆಯ ದಿನ ಎರಡು ದ್ರೋಣ ಉಣ್ಣುತ್ತಿದ್ದನೋ ಏನೋ. ಅವನು ಬಿಟ್ಟದ್ದು ಒಂದು ತುತ್ತು ಮಾತ್ರ. ಬಿಟ್ಟ ತುತ್ತು ಮತ್ತೆ ಬಟ್ಟಲಿಗೆ ಬರದಂತೆ ಅಡುಗೆಮನೆಯಲ್ಲಿಯೇ ಅಕ್ಕಿಯನ್ನು ತಗ್ಗಿಸಲಾಯಿತು. ಅನ್ನವನ್ನೇ ಬಿಡು, ತುಪ್ಪವನ್ನೇ ಬಿಡು ಎಂಬ ಮಾತು ಅಲ್ಲಿಲ್ಲ. ಜೊತೆಗೆ, ದೊರೆ ತನ್ನ ಮನಸ್ಸಿನ ದಾರ್ಢ್ಯವನ್ನು ನಂಬಿಕೊಳ್ಳಲಿಲ್ಲ. ಜ್ಞಾಪಿಸುವ ಕೆಲಸವನ್ನು ಇನ್ನೊಬ್ಬರಿಗೆ ವಹಿಸಿ, ಅದಕ್ಕೆ ಕೂಲಿಯನ್ನೂ ಗೊತ್ತುಮಾಡಿದ. ಊಟದ ಮುಂದೆ ಕುಳಿತಾಗ ಯಾರ ವೈರಾಗ್ಯವೂ ಬಹಳ ಹೊತ್ತು ನಿಲ್ಲುವುದಿಲ್ಲ ಎಂಬುದನ್ನು ಅರಸನಾದ ಅವನು ಅರಿತಿದ್ದ.

ಇಲ್ಲಿ ಒಂದು ಶಬ್ದವಿಚಾರ. ಪಾಳಿಯಲ್ಲಿ ಈ ಗುಣಕ್ಕೆ 'ಮತ್ತಞ್ಞುತಾ' ಎಂದು ಹೆಸರು, ಮಾತ್ರೆಯನ್ನು ಅರಿಯುವುದು ಎಂದು ಅರ್ಥ. ನಮ್ಮ 'ಮಿತಾಹಾರ'ದ 'ಮಿತ'ವೂ ಅದೇ 'ಮಾ' ಧಾತುವಿನಿಂದ ಬಂದದ್ದು. ಆ ಧಾತುವಿಗೆ ಅಳೆ ಎಂದರ್ಥ. ಮಾನ, ಪ್ರಮಾಣ, ಪರಿಮಾಣ, ಮಾತ್ರೆ ಎಲ್ಲವೂ ಅದರ ಬಳಗ. ಮಿತಾಹಾರವೆಂದರೆ ಸ್ವಲ್ಪ ಊಟ ಎಂದು ನಾವು ಹೇಗೋ ರೂಢಿಮಾಡಿಕೊಂಡಿದ್ದೇವೆ. ಶಬ್ದ ಹೇಳುವುದು ಅಳೆದ ಊಟ ಎಂದು. ಸ್ವಲ್ಪ ಉಣ್ಣಬೇಕೆಂದು ಹೊರಟವನು ಹಸಿದು ಸೋಲುತ್ತಾನೆ. ಅಳೆದು ಉಣ್ಣುವವನಿಗೆ ಸೋಲುವ ಪ್ರಸಂಗ ಕಡಿಮೆ.

ಅಳತೆಯ ಈ ಮಾತನ್ನು ಶಾಸ್ತ್ರವಾಗಿ ವಿಸ್ತರಿಸಿದವರು ನಮ್ಮ ಆಯುರ್ವೇದದ ಆಚಾರ್ಯರು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲನ ವಿಚಾರ ಬರುತ್ತದೆ. ಆಯುಸ್ಸು ಕುಗ್ಗುವುದು, ಚಟುವಟಿಕೆ ತಗ್ಗುವುದು, ದೌರ್ಬಲ್ಯ, ಬೆವರು, ಅತಿಯಾದ ಹಸಿವು, ಅತಿಯಾದ ಬಾಯಾರಿಕೆ ಮುಂತಾಗಿ ಎಂಟು ದೋಷಗಳನ್ನು ಅಲ್ಲಿ ಹೇಳಿದೆ. ಅತಿಸ್ಥೂಲ, ಅತಿಕೃಶ ಇಬ್ಬರೂ ರೋಗಿಗಳೇ ಆದರೂ ಇಬ್ಬರಲ್ಲಿ ಕೃಶನೇ ವಾಸಿ ಎಂಬುದು ಚರಕನ ತೀರ್ಪು. ದಪ್ಪನಾದವನಿಗೆ ಹಸಿವೇಕೆ ಹೆಚ್ಚು ಎಂಬ ಪ್ರಶ್ನೆಯನ್ನು ಅವನು ಎತ್ತಿಕೊಂಡದ್ದು ಸ್ವಾರಸ್ಯವಾಗಿದೆ. ಮೇದಸ್ಸು ದಾರಿಗಳನ್ನು ಕಟ್ಟಿದ್ದರಿಂದ ವಾಯು ಹೊಟ್ಟೆಯಲ್ಲಿಯೇ ಸುಳಿದು ಜಠರಾಗ್ನಿಯನ್ನು ಊದುತ್ತದೆ, ಕಾಡ್ಗಿಚ್ಚಿಗೆ ಗಾಳಿ ಸೇರಿದಂತೆ ಎಂದು ಅವನ ಸಮಾಧಾನ. ಇಂದಿನ ವೈದ್ಯರು ಈ ಕಾರಣವನ್ನು ಒಪ್ಪುವುದಿಲ್ಲ. ಆದರೆ ಕೊಬ್ಬು ಸುಮ್ಮನೆ ಮೈಯಲ್ಲಿ ಬಿದ್ದಿರುವ ಮೂಟೆಯಲ್ಲ, ಹಸಿವಿನ ವ್ಯವಹಾರದಲ್ಲಿ ಅದೂ ಕೈಯಾಡಿಸುತ್ತದೆ ಎಂಬ ಮಾತನ್ನು ಅವರೂ ಹೇಳುತ್ತಾರೆ. ಕೊಬ್ಬಿನ ಕಣಗಳಿಂದ ಹೊರಟು ಮಿದುಳಿಗೆ ಸುದ್ದಿ ಮುಟ್ಟಿಸುವ ಲೆಪ್ಟಿನ್ ಎಂಬ ರಸವನ್ನು ಅಮೆರಿಕದ ವಿಜ್ಞಾನಿಗಳು ಕಂಡುಹಿಡಿದದ್ದು 1994ರಲ್ಲಿ.

ಚರಕನ ಚಿಕಿತ್ಸೆ ಇನ್ನೂ ಸ್ವಾರಸ್ಯದ್ದು. ಸ್ಥೂಲನಿಗೆ ಕೊಡುವ ಆಹಾರ ಹೊಟ್ಟೆಗೆ ಭಾರವಾಗಿರಬೇಕು, ಆದರೆ ಮೈಗೆ ಹತ್ತಬಾರದು. ಅದಕ್ಕೆ ಅವನು ಹೇಳುವ ಧಾನ್ಯಗಳು ಜವೆಗೋದಿ, ಸಾಮೆಯ ಜಾತಿಯ ಕಿರುಧಾನ್ಯ, ಹಾರಕ, ಕಾಳುಗಳು ಹೆಸರು, ಹುರುಳಿ, ಜೊತೆಗೆ ನೆಲ್ಲಿಕಾಯಿ. ನಾರು ಹೆಚ್ಚಾಗಿರುವ ಧಾನ್ಯವೂ ಕಾಳೂ ಬೇಗ ಹೊಟ್ಟೆ ತುಂಬಿಸಿ ಬಹಳ ಹೊತ್ತು ಹಸಿವನ್ನು ತಡೆಯುತ್ತವೆ ಎಂದು ಇಂದು ಪೌಷ್ಟಿಕಾಹಾರದ ಗ್ರಂಥಗಳು ಹೇಳುವುದೂ ಇದನ್ನೇ. ವ್ಯಾಯಾಮವನ್ನು ಅವನು ವಿಧಿಸಿದ್ದಾನೆ. ಅದಕ್ಕೆ ಸೇರಿಸಿದ ಒಂದು ಮಾತು ಮುಖ್ಯ: ಕ್ರಮೇಣ ಹೆಚ್ಚಿಸಬೇಕು. ಕೋಸಲದೊರೆ ತುತ್ತನ್ನು ಇಳಿಸಿದ ಕ್ರಮದಲ್ಲಿಯೇ ಚರಕನ ರೋಗಿ ದುಡಿಮೆಯನ್ನು ಏರಿಸಬೇಕು. ಹಾಗೆಂದು ಅಲ್ಲಿಯ ಎಲ್ಲ ಮಾತನ್ನೂ ಕಣ್ಣುಮುಚ್ಚಿ ಹಿಡಿಯಬೇಕಾಗಿಲ್ಲ. ಜಾಗರಣೆಯಿಂದ ಮೈ ಇಳಿಯುತ್ತದೆ ಎಂದು ಅದೇ ಶ್ಲೋಕ ಹೇಳುತ್ತದೆ. ನಿದ್ದೆಗೆಟ್ಟವರಿಗೆ ಹಸಿವು ಹೆಚ್ಚಿ ತೂಕ ಏರುವುದೇ ಸಾಮಾನ್ಯ ಎಂಬುದು ಈಗ ತಿಳಿದ ವಿಷಯ. ಜೇನುತುಪ್ಪವೂ ಅಷ್ಟೆ. ಬೆಳಗ್ಗೆ ಬಿಸಿನೀರಿಗೆ ಜೇನು ಬೆರೆಸಿ ಕುಡಿದು, ಹತ್ತು ಗಂಟೆಗೆ ನಾಲ್ಕು ಪೂರಿ ತಿನ್ನುವವರಿಗೆ ಚರಕನೂ ನೆರವಾಗಲಾರ.

ಸುಶ್ರುತ ಇನ್ನೂ ಕಟ್ಟುನಿಟ್ಟಿನವನು. ಪ್ರಮೇಹದ, ಎಂದರೆ ನಾವು ಸಕ್ಕರೆಕಾಯಿಲೆ ಎನ್ನುವ ಗುಂಪಿನ ರೋಗದ, ಚಿಕಿತ್ಸೆಯಲ್ಲಿ ಅವನು ಬಡವನಿಗೆ ಹೇಳುವ ಮದ್ದೆಂದರೆ ಕಾಲಿಗೆ ಕೆರವಿಲ್ಲದೆ, ತಲೆಗೆ ಕೊಡೆಯಿಲ್ಲದೆ, ಒಂದೂರಿನಲ್ಲಿ ಒಂದು ರಾತ್ರಿಗಿಂತ ಹೆಚ್ಚು ನಿಲ್ಲದೆ, ಭಿಕ್ಷೆಯ ಅನ್ನ ಉಂಡು ನೂರು ಯೋಜನ ನಡೆಯುವುದು. ಬೇಸಾಯ ಮಾಡುವುದು, ಬಾವಿ ತೋಡುವುದು ಕೂಡ ಅಲ್ಲಿ ಚಿಕಿತ್ಸೆಯೇ. ಅವನೇ ಇನ್ನೊಂದೆಡೆ ವ್ಯಾಯಾಮಕ್ಕೆ ಮಿತಿಯನ್ನೂ ಹಾಕುತ್ತಾನೆ: ಮೈಯಲ್ಲಿರುವ ಶಕ್ತಿಯ ಅರ್ಧದಷ್ಟು ಮಾತ್ರ ದುಡಿಸಬೇಕು. ಅಲ್ಲಿಯೂ ಮಾತ್ರೆಯೇ.

ಇಷ್ಟು ತಿಳಿದಿದ್ದ ನಾಡಿನಲ್ಲಿ ಅದು ಊಟದ ಮನೆಯನ್ನು ಏಕೆ ಮುಟ್ಟಲಿಲ್ಲ ಎಂದು ವಾಚಕರು ಕೇಳಬಹುದು. ನನಗೆ ತೋರುವ ಕಾರಣ ನಮ್ಮ ಉಪಚಾರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವನ್ನು ವರ್ಣಿಸಿದ. ಕನ್ನಡದಲ್ಲಿ ಮಂಗರಸ 'ಸೂಪಶಾಸ್ತ್ರ'ವನ್ನೇ ಬರೆದ. ಬಡಿಸುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಪಂಕ್ತಿಯಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎಂದರೆ, ಬೆರಳ ಸಂದಿನಿಂದಲೇ ಇನ್ನೊಂದು ಸೌಟು ಬಿಡುವುದು ನಮ್ಮಲ್ಲಿ ಮರ್ಯಾದೆ. ಬೇಡವೆಂದರೆ ಅತ್ತೆಗೆ ಮುನಿಸು, ಬೀಗರಿಗೆ ಅವಮಾನ. ಕೋಸಲದ ದೊರೆಗೆ ಸಾಕೆಂದು ಹೇಳಲು ಒಬ್ಬ ಹುಡುಗನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಾಯಿತು. ನಮಗೆ ಇನ್ನೊಂದು ತುತ್ತು ಎನ್ನುವವರು ಸಂಬಳವಿಲ್ಲದೆ ಹತ್ತು ಮಂದಿ ಸಿಕ್ಕುತ್ತಾರೆ.

ಪಶ್ಚಿಮದೇಶಗಳಲ್ಲಿಯೂ ಸಿರಿ ಬಂದ ಕಾಲದಲ್ಲಿ ಇದೇ ಪಾಡು. ಹದಿನೆಂಟನೆಯ ಶತಮಾನದ ಮೊದಲಲ್ಲಿ ಜಾರ್ಜ್ ಚೇನಿ ಎಂಬ ಸ್ಕಾಟ್ಲೆಂಡಿನ ವೈದ್ಯ ಲಂಡನ್ನಿಗೆ ಬಂದ. ಪಾನಗೃಹಗಳಲ್ಲಿ ದೊಡ್ಡವರ ಸ್ನೇಹ ಬೆಳೆಸಿದರೆ ರೋಗಿಗಳು ಬರುತ್ತಾರೆಂದು ಅಲ್ಲಿ ಉಂಡು ಕುಡಿದು ಬೆಳೆದ. ಕಾಯಿಲೆ ಬಿದ್ದು, ಹಾಲಿನ ಪಥ್ಯ ಹಿಡಿದು ಇಳಿದ. ಗುಣವಾಯಿತೆಂದು ಪಥ್ಯ ಬಿಟ್ಟು ಮತ್ತೆ ಏರಿದ; ಈ ಸಲ ಅವನ ತೂಕ 32 ಸ್ಟೋನ್, ನಮ್ಮ ಲೆಕ್ಕದಲ್ಲಿ ಸುಮಾರು 203 ಕಿಲೋಗ್ರಾಂ ಮುಟ್ಟಿತು. ನೂರು ಹೆಜ್ಜೆ ನಡೆಯಬೇಕಾದರೆ ಕುಳ್ಳಿರಲು ಮಣೆ ಹೊತ್ತ ಆಳು ಹಿಂದೆ ಬರಬೇಕಾಗಿತ್ತೆಂದು ಅವನೇ ಬರೆದುಕೊಂಡಿದ್ದಾನೆ. ಮತ್ತೆ ಹಾಲು, ತರಕಾರಿಗಳ ಪಥ್ಯಕ್ಕೆ ಮರಳಿ, ಆಮೇಲೆ ಅದನ್ನು ಬಿಡದೆ ನಡೆಸಿ, 1743ರಲ್ಲಿ ಎಪ್ಪತ್ತು ದಾಟಿದ ಮೇಲೆ ತೀರಿಕೊಂಡ. ಮೊದಲ ಸಲ ಇಳಿದದ್ದು ಏಕೆ ನಿಲ್ಲಲಿಲ್ಲವೆಂದರೆ, ಪಥ್ಯವನ್ನು ಅವನು ಮದ್ದಿನಂತೆ ತಿಳಿದ. ರೋಗ ಹೋದಮೇಲೆ ಮದ್ದು ಬಿಡುವುದು ಸಹಜವಷ್ಟೆ.

ಇದಕ್ಕಿಂತ ಪ್ರಸಿದ್ಧವಾದದ್ದು ವಿಲಿಯಂ ಬ್ಯಾಂಟಿಂಗ್ ಎಂಬ ಲಂಡನ್ನಿನ ಗೃಹಸ್ಥನ ಕತೆ. ದೊಡ್ಡ ಮನೆತನಗಳ ಶವಸಂಸ್ಕಾರದ ಏರ್ಪಾಡು ಇವನ ವಂಶದ ಕಸುಬು. 1862ರ ಆಗಸ್ಟಿನಲ್ಲಿ ಇವನ ಎತ್ತರ ಐದಡಿ ಐದಂಗುಲ, ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋಗ್ರಾಂ. ಬೂಟಿನ ದಾರ ಕಟ್ಟಲು ಬಗ್ಗಲಾರ. ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯಬೇಕು. ವೈದ್ಯರು ಹೇಳಿದರೆಂದು ಬೆಳಗಿನ ಹೊತ್ತು ದೋಣಿಯ ಹುಟ್ಟು ಹಾಕಿದ. ರಟ್ಟೆ ಬಲಿಯಿತು, ಹಸಿವೂ ಬಲಿಯಿತು, ತೂಕ ಇನ್ನೂ ಏರಿತು. ಕೊನೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯನ ಬಳಿಗೆ ಹೋದ. ಹಾರ್ವೆ ಅವನ ಕಿವಿಗಿಂತ ಮೊದಲು ಹೊಟ್ಟೆಯನ್ನು ನೋಡಿದ. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗೆಡ್ಡೆ ಇವುಗಳನ್ನು ಆದಷ್ಟು ಬಿಡಿಸಿದ. ಬ್ಯಾಂಟಿಂಗ್ ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿದ; ಸೊಂಟದ ಸುತ್ತಳತೆ ಹನ್ನೆರಡು ಅಂಗುಲಕ್ಕೂ ಹೆಚ್ಚು ತಗ್ಗಿತು. ಸಂತೋಷ ತಡೆಯಲಾರದೆ 1863ರಲ್ಲಿ ಒಂದು ಚಿಕ್ಕ ಪುಸ್ತಕ ಅಚ್ಚುಮಾಡಿಸಿ ಮೊದಲ ಮುದ್ರಣವನ್ನು ಪುಕ್ಕಟೆ ಹಂಚಿದ. ಅದು ಎಷ್ಟು ಹೆಸರಾಯಿತೆಂದರೆ, ಸ್ವೀಡನ್ನಿನ ಭಾಷೆಯಲ್ಲಿ ಮೈ ಇಳಿಸುವ ಪಥ್ಯಕ್ಕೆ ಇಂದಿಗೂ 'ಬಾಂಟಾ' ಎಂಬುದೇ ಕ್ರಿಯಾಪದ. ಒಬ್ಬ ಮನುಷ್ಯನ ಹೊಟ್ಟೆ ಒಂದು ಭಾಷೆಗೆ ಧಾತುವನ್ನು ಕೊಟ್ಟ ಉದಾಹರಣೆಯನ್ನು ನಾನು ಬೇರೆ ಕಂಡಿಲ್ಲ.

ಬ್ಯಾಂಟಿಂಗನ ಪಥ್ಯದ ಪಟ್ಟಿಯನ್ನು ಓದಿ, ಅನ್ನ ಬಿಟ್ಟರೆ ಸಾಕು ಎಂದು ಹೇಳುವವರು ಈಗಲೂ ಇದ್ದಾರೆ. ನನಗೆ ಅವನಲ್ಲಿ ಕಾಣುವುದು ಬೇರೆ. 46 ಪೌಂಡನ್ನು ವರ್ಷದ ವಾರಗಳಿಗೆ ಹಂಚಿ ನೋಡಿ: ವಾರಕ್ಕೆ ಒಂದು ಪೌಂಡಿಗೂ ಕಡಿಮೆ, ಸುಮಾರು 400 ಗ್ರಾಂ. ಇಷ್ಟು ನಿಧಾನವಾಗಿ ಇಳಿದವನು ಎಂಬತ್ತೊಂದು ವರ್ಷ ಬದುಕಿದ. ಹಸಿದು ಇರಬೇಕೆಂದೂ ಅವನಿಗೆ ಯಾರೂ ಹೇಳಲಿಲ್ಲ.

ಅವಸರದಿಂದ ಇಳಿದರೆ ಏನಾಗುತ್ತದೆಂಬುದನ್ನು ತೋರಿಸಿಕೊಟ್ಟದ್ದು ಎರಡನೆಯ ಮಹಾಯುದ್ಧ. ಯುರೋಪಿನ ಹಸಿದ ಜನರಿಗೆ ಯುದ್ಧ ಮುಗಿದ ಮೇಲೆ ಹೇಗೆ ಅನ್ನವಿಡಬೇಕೆಂದು ತಿಳಿಯಲು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944ರಿಂದ 1945ರವರೆಗೆ ಒಂದು ಪ್ರಯೋಗ ನಡೆಸಿದ. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ 36 ಮಂದಿ ಯುವಕರು ತಾವಾಗಿ ಮುಂದೆ ಬಂದರು. ಆರು ತಿಂಗಳು ಅವರಿಗೆ ಅರೆಹೊಟ್ಟೆ. ವಾರಕ್ಕೆ 22 ಮೈಲಿ ನಡಿಗೆ. ಮೈಯ ತೂಕದಲ್ಲಿ ಸುಮಾರು ಕಾಲುಭಾಗ ಕರಗಿತು. ಅದರ ಜೊತೆಗೆ ಕರಗಿದ್ದು ಅವರ ಉಲ್ಲಾಸ. ಸದಾ ಚಳಿ, ಸಿಡುಕು, ಊಟದ ಹೊರತು ಬೇರೆ ಯೋಚನೆಯಿಲ್ಲ. ಕೆಲವರು ಅಡುಗೆಯ ಪುಸ್ತಕಗಳನ್ನು ಕಾದಂಬರಿಯಂತೆ ಓದತೊಡಗಿದರು. ಪ್ರಯೋಗ ಮುಗಿದು ಕೈತುಂಬ ಊಟ ಸಿಕ್ಕಿದಾಗ ಎಷ್ಟು ಉಂಡರೂ ಅವರಿಗೆ ತೃಪ್ತಿಯಿಲ್ಲ. ತೂಕ ಮೊದಲಿನಷ್ಟಾಗಿ, ಅದನ್ನೂ ಮೀರಿತು, ಹೆಚ್ಚಾದದ್ದು ಕೊಬ್ಬೇ. ಮೈಗೆ ಪಥ್ಯ ಯಾವುದು, ಬರಗಾಲ ಯಾವುದು ಎಂಬ ಭೇದ ತಿಳಿಯದು. ಒಮ್ಮೆಗೇ ಅನ್ನ ನಿಂತರೆ ಅದು ಕ್ಷಾಮವೆಂದೇ ಬಗೆದು, ಖರ್ಚನ್ನು ಬಿಗಿಹಿಡಿದು, ಮತ್ತೆ ಅನ್ನ ಕಂಡಾಗ ಕಣಜ ತುಂಬಿಸುತ್ತದೆ. ಮದುವೆಗೆ ಮುಂಚೆ ಹದಿನೈದು ದಿನ ಹಣ್ಣಿನ ರಸದಲ್ಲಿಯೇ ಇದ್ದು ಇಳಿದ ವರನೋ ವಧುವೋ ಆರು ತಿಂಗಳಲ್ಲಿ ಮೊದಲಿಗಿಂತ ದಪ್ಪಗಾಗುವುದನ್ನು ನೀವೂ ಕಂಡಿರಬಹುದು. ಅದು ಅವರ ಚಾಪಲ್ಯದ ತಪ್ಪು ಮಾತ್ರವಲ್ಲ. ಈಚೆಗೆ ಬಂದ ಸೆಮಗ್ಲುಟೈಡ್ ಎಂಬ ಚುಚ್ಚುಮದ್ದಿನ ವಿಷಯದಲ್ಲಿಯೂ, ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತೆಂದು 2022ರ ಒಂದು ಸಂಶೋಧನೆ ತಿಳಿಸಿತು. ವೈದ್ಯರು ಅಗತ್ಯವೆಂದು ಕೊಟ್ಟಾಗ ಅದನ್ನು ತೆಗೆದುಕೊಳ್ಳಬೇಕು. ಅದೊಂದರಿಂದಲೇ ಎಲ್ಲವೂ ಮುಗಿಯಿತೆಂದು ತಿಳಿಯಬಾರದು.

ಇನ್ನು ವ್ಯಾಯಾಮದ ವಿಚಾರ. ದೋಣಿ ನಡೆಸಿ ಬ್ಯಾಂಟಿಂಗ್ ದಪ್ಪಗಾದನಲ್ಲ, ಹಾಗಾದರೆ ವ್ಯಾಯಾಮದಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲಿಯೇ, ಕಲಕತ್ತೆಯ ಸಮೀಪದ ಒಂದು ಸೆಣಬಿನ ಗಿರಣಿಯಲ್ಲಿ ಎಂಬುದು ಬಹಳ ಜನಕ್ಕೆ ತಿಳಿಯದು. ಜೀನ್ ಮೇಯರ್ ಎಂಬ ಆಹಾರವಿಜ್ಞಾನಿ, ರಾಯ್ ಮತ್ತು ಮಿತ್ರ ಎಂಬ ಇಬ್ಬರು ಭಾರತೀಯ ಸಹೋದ್ಯೋಗಿಗಳೊಡನೆ, ಅಲ್ಲಿಯ 213 ಮಂದಿಯ ಊಟವನ್ನೂ ತೂಕವನ್ನೂ ಹೋಲಿಸಿ 1956ರಲ್ಲಿ ಪ್ರಕಟಿಸಿದ. ಬೇಲು ಹೊರುವ ಕೂಲಿಯಿಂದ ಹಿಡಿದು ಗುಮಾಸ್ತರವರೆಗೆ, ದಿನವಿಡೀ ಅಂಗಡಿಯಲ್ಲಿ ಕುಳಿತಿರುವವರವರೆಗೆ ಎಲ್ಲರೂ ಆ ಲೆಕ್ಕದಲ್ಲಿದ್ದರು. ಹಗುರವಾದ ಕೆಲಸದಿಂದ ಭಾರವಾದ ಕೆಲಸದವರೆಗೆ ನೋಡಿದರೆ, ದುಡಿಮೆ ಹೆಚ್ಚಿದಂತೆ ಊಟವೂ ಹೆಚ್ಚಿತ್ತು, ತೂಕ ಮಾತ್ರ ಒಂದೇ ಮಟ್ಟದಲ್ಲಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಇನ್ನೊಂದು ತುದಿಯಲ್ಲಿ. ತೀರ ಕುಳಿತೇ ಇರುವವರು ಎಲ್ಲರಿಗಿಂತ ಕಡಿಮೆ ಉಣ್ಣಬೇಕಷ್ಟೆ? ಅವರು ಹಗುರವಾದ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿದ್ದರು. ತೂಕವೂ ಅವರದೇ ಹೆಚ್ಚು.

ಇದರ ತಾತ್ಪರ್ಯ ಏನು? ಮೈ ಸ್ವಲ್ಪವಾದರೂ ಆಡುತ್ತಿದ್ದರೆ ಹಸಿವು ತನ್ನ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಪೂರ್ತಿ ಕುಳಿತುಬಿಟ್ಟರೆ ತಕ್ಕಡಿಯ ಮುಳ್ಳು ಕೆಟ್ಟಂತೆ ಹಸಿವಿಗೆ ದಿಕ್ಕು ತಪ್ಪುತ್ತದೆ. ನಡಿಗೆ ಕರಗಿಸುವ ಕೊಬ್ಬು ಬಹಳವಲ್ಲ. ಅರ್ಧ ಗಂಟೆ ಚುರುಕಾಗಿ ನಡೆದು ಕಳೆದದ್ದನ್ನು ಎರಡು ವಡೆ ಹಿಂದಕ್ಕೆ ಕೊಡುತ್ತವೆ. ನಡಿಗೆಯ ದೊಡ್ಡ ಉಪಕಾರ ಬೇರೆ: ಅದು ಅಳತೆಯನ್ನು ಸರಿಯಾಗಿಡುತ್ತದೆ, ಊಟ ತಗ್ಗಿಸಿದಾಗ ಮಾಂಸಖಂಡ ಕರಗದಂತೆ ಕಾಯುತ್ತದೆ, ಇಳಿದ ತೂಕ ಮತ್ತೆ ಏರದಂತೆ ತಡೆಯುತ್ತದೆ. ಬ್ಯಾಂಟಿಂಗ್ ತಟ್ಟೆಯನ್ನು ಮುಟ್ಟದೆ ತೋಳನ್ನು ಮಾತ್ರ ದುಡಿಸಿದ. ಎರಡರಲ್ಲಿ ಒಂದನ್ನೇ ಹಿಡಿದವರ ಗತಿ ಅದು.

ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ ಬಸ್ಸಿನ ನೌಕರರನ್ನು ಹೋಲಿಸಿ ನೋಡಿದ. ಆ ಊರಿನ ಬಸ್ಸುಗಳಿಗೆ ಎರಡು ಅಂತಸ್ತು. ಡ್ರೈವರು ದಿನವಿಡೀ ಕುಳಿತಿರುತ್ತಾನೆ. ಕಂಡಕ್ಟರು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಇಬ್ಬರ ಮನೆ, ಊಟ, ಸಂಬಳ ಹೆಚ್ಚುಕಡಿಮೆ ಒಂದೇ. ಆದರೆ ಹೃದ್ರೋಗ ಡ್ರೈವರುಗಳಲ್ಲಿ ಸ್ಪಷ್ಟವಾಗಿ ಹೆಚ್ಚು ಎಂದು 1953ರ ಅವನ ಲೇಖನ ತೋರಿಸಿತು. ಮೂರು ವರ್ಷದ ಮೇಲೆ ಅವನು ಅವರ ಸಮವಸ್ತ್ರದ ಅಳತೆಗಳನ್ನೇ ತೆಗೆಸಿ ನೋಡಿದ. ಡ್ರೈವರುಗಳ ಷರಾಯಿಯ ಸೊಂಟ ದೊಡ್ಡದು! ದರ್ಜಿಯ ಪುಸ್ತಕ ವೈದ್ಯಶಾಸ್ತ್ರಕ್ಕೆ ಸಾಕ್ಷಿಯಾಯಿತು. ಮೆಟ್ಟಿಲು ಹತ್ತಿದವರಾರೂ ವ್ಯಾಯಾಮವೆಂದು ಹತ್ತಿದವರಲ್ಲ ಎಂಬುದನ್ನು ಗಮನಿಸಬೇಕು. ದಿನದ ಕೆಲಸದೊಳಗೇ ಬೆರೆತು ಬಂದದ್ದರಿಂದ ಅದು ತಪ್ಪಲಿಲ್ಲ.

ಕೆಲಸದಲ್ಲಿ ಮೆಟ್ಟಿಲಿಲ್ಲದವರು ಏನು ಮಾಡಬೇಕು? ಬೆಂಗಳೂರಿನಲ್ಲಿ ಇದಕ್ಕೆ ಉತ್ತರ ಹುಡುಕಿದವರು ಕೆ. ವಿ. ಅಯ್ಯರ್. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಮೂಲಕ ಅವರನ್ನು ಬಲ್ಲ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಅವರು ದೊಡ್ಡ ವ್ಯಾಯಾಮಶಾಲೆ ನಡೆಸುತ್ತಿದ್ದವರೆಂಬುದು ಮರೆತುಹೋಗಿದೆ. ಭಾರ ಎತ್ತುವ ಪಶ್ಚಿಮದ ಪದ್ಧತಿಯನ್ನೂ ನಮ್ಮ ಹಠಯೋಗ, ಸೂರ್ಯನಮಸ್ಕಾರಗಳನ್ನೂ ಅವರು ಕೂಡಿಸಿದರು. 1930ರ ದಶಕದಲ್ಲಿ ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು. ದೂರದೂರಿನವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಮನೆಯ ಮೂಲೆಯಲ್ಲಿ ಒಂದು ಚಾಪೆಯಷ್ಟು ಜಾಗವಿದ್ದರೆ ಗುಮಾಸ್ತನೂ ಮೇಷ್ಟರೂ ಸೂರ್ಯನಮಸ್ಕಾರ ಮಾಡಬಹುದು. ಇದು ಗೃಹಿಣಿಯರಿಗೂ ಸಲ್ಲುವ ಮಾತು. ರುಬ್ಬುವ ಕಲ್ಲು, ಸೇದುವ ಬಾವಿ ಹೋದಮೇಲೆ ಅವರ ಕೆಲಸ ತಪ್ಪಲಿಲ್ಲ. ಮೈಗೆ ಹತ್ತುವ ಕೆಲಸ ಮಾತ್ರ ತಪ್ಪಿತು.

ಈ ಎಲ್ಲ ತಿಳಿವಳಿಕೆಯನ್ನು ಒಟ್ಟಿಗೆ ಪರೀಕ್ಷಿಸಿ ನೋಡಿದ್ದು ಈಚಿನ ದಶಕಗಳಲ್ಲಿ. ಅಮೆರಿಕದಲ್ಲಿ ಸಕ್ಕರೆಕಾಯಿಲೆಯ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಗುಂಪುಮಾಡಿ, ಒಂದು ಗುಂಪಿಗೆ ಎರಡೇ ಗುರಿ ಕೊಟ್ಟರು: ಮೈತೂಕದಲ್ಲಿ ನೂರಕ್ಕೆ ಏಳು ಪಾಲು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾದ ನಡಿಗೆ. 2002ರಲ್ಲಿ ಫಲ ಹೊರಬಂದಾಗ ಆ ಗುಂಪಿನಲ್ಲಿ ಕಾಯಿಲೆ ನೂರಕ್ಕೆ 58ರಷ್ಟು ತಗ್ಗಿತ್ತು. ಗುಳಿಗೆ ನುಂಗಿದ ಗುಂಪಿನಲ್ಲಿ 31ರಷ್ಟು ಮಾತ್ರ. ಎಂಬತ್ತು ಕಿಲೋಗ್ರಾಂ ತೂಗುವವರಿಗೆ ನೂರಕ್ಕೆ ಏಳೆಂದರೆ ಐದೂವರೆ ಕಿಲೋಗ್ರಾಂ, ಅಷ್ಟೆ. ಸಿನಿಮಾ ನಟನಂತಾಗಬೇಕಾಗಿಲ್ಲ. ಚೆನ್ನೈಯಲ್ಲಿ ಡಾಕ್ಟರ್ ಎ. ರಾಮಚಂದ್ರನ್ ಅವರು 531 ಮಂದಿಯೊಡನೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಊಟವನ್ನು ತಿದ್ದಿ ನಡಿಗೆಯನ್ನು ರೂಢಿಸಿದವರಲ್ಲಿ ಕಾಯಿಲೆ ನೂರಕ್ಕೆ 28ಕ್ಕೂ ಹೆಚ್ಚಿನಷ್ಟು ತಗ್ಗಿತು. ಸ್ವಾರಸ್ಯವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿ ಅಲುಗಲಿಲ್ಲವೆಂದು ಒಂದು ತಿಂಗಳಿಗೇ ಎಲ್ಲವನ್ನೂ ಕೈಬಿಡುವವರು ಇದನ್ನು ಕೇಳಬೇಕು. ನಮ್ಮ ಜನರ ಮೈಕಟ್ಟಿನಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಶೇಖರವಾಗುವುದು ಹೆಚ್ಚು. ಆದುದರಿಂದ ತಕ್ಕಡಿಗಿಂತ ದರ್ಜಿಯ ಟೇಪೇ ನಮಗೆ ಒಳ್ಳೆಯ ಗೆಳೆಯ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಎಚ್ಚರಗೊಳ್ಳಬೇಕೆಂದು ನಮ್ಮ ವೈದ್ಯರು 2009ರಲ್ಲಿ ಗೊತ್ತುಮಾಡಿದ್ದಾರೆ.

ಮನೆಯಲ್ಲಿ ಇದನ್ನು ನಡೆಸುವ ಬಗೆಯನ್ನು ಕೋಸಲದ ಅಡುಗೆಮನೆಯೇ ತೋರಿಸಿದೆ. ನಾಲ್ಕು ಜನಕ್ಕೆ ಎರಡು ಪಾವು ಅಕ್ಕಿ ಹಾಕುವ ಮನೆಯಲ್ಲಿ ಈ ವಾರ ಒಂದು ಹಿಡಿ ಕಡಿಮೆ ಹಾಕಿರಿ. ಆ ಜಾಗಕ್ಕೆ ಒಂದು ಹಿಡಿ ಹುರುಳಿಯೋ ಹೆಸರುಕಾಳೋ ಪಲ್ಯಕ್ಕೆ ಬೀಳಲಿ. ಹದಿನೈದು ದಿನ ಕಳೆದು, ಯಾರೂ ಕೊರತೆಯೆನ್ನದಿದ್ದರೆ ಇನ್ನೊಂದು ಹಿಡಿ. ಕೋಸಂಬರಿಯನ್ನು ಎಲೆಯ ತುದಿಗೆ ಚಿಟಿಕೆಯಷ್ಟು ಬಡಿಸುವ ಬದಲು ಸೌಟಿನಷ್ಟು ಬಡಿಸಿರಿ. ಕಾಫಿಯ ಸಕ್ಕರೆ ಕಾಲು ಚಮಚೆಯಂತೆ ಇಳಿದರೆ ನಾಲಗೆಗೆ ಗೊತ್ತಾಗುವುದಿಲ್ಲ. ಒಮ್ಮೆಗೇ ನಿಂತರೆ ಮನೆಯಲ್ಲಿ ಕ್ರಾಂತಿಯಾಗುತ್ತದೆ. ಹಬ್ಬದ ದಿನ ಒಬ್ಬಟ್ಟು ಬಿಡಬೇಕಾಗಿಲ್ಲ, ಹಬ್ಬವನ್ನು ವಾರಕ್ಕೊಮ್ಮೆ ತಾರದಿದ್ದರೆ ಸಾಕು. ಸಕ್ಕರೆಕಾಯಿಲೆಗೆ ಮದ್ದು ತೆಗೆದುಕೊಳ್ಳುವವರು, ಗರ್ಭಿಣಿಯರು, ಹೃದ್ರೋಗಿಗಳು ಮಾತ್ರ ವೈದ್ಯರನ್ನು ಕೇಳದೆ ಊಟದಲ್ಲಾಗಲಿ ವ್ಯಾಯಾಮದಲ್ಲಾಗಲಿ ಕೈ ಹಾಕಬಾರದು. ಕಾರಣವಿಲ್ಲದೆ ತೂಕ ಏರಿದರೆ ಥೈರಾಯಿಡಿನ ಪರೀಕ್ಷೆಯನ್ನೂ ಮಾಡಿಸಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಸುದರ್ಶನನನ್ನು ಹುಡುಕುವುದು. ಹೆಂಡತಿ ಹೇಳಿದರೆ ಗಂಡನಿಗೆ ಸಿಟ್ಟು, ಗಂಡ ಹೇಳಿದರೆ ಹೆಂಡತಿಗೆ ಬೇಸರ. ಮೊಮ್ಮಕ್ಕಳಿಗೆ ಈ ಉದ್ಯೋಗ ಚೆನ್ನಾಗಿ ಒಪ್ಪುತ್ತದೆ. ನೂರು ಕಹಾಪಣ ಕೊಡಲಾರದವರು ಒಂದು ಕತೆ ಹೇಳಿದರಾಯಿತು.

ಪ್ರಸೇನಜಿತನ ಮುಂದಿನ ಸುದ್ದಿ ಮಜ್ಝಿಮನಿಕಾಯದಲ್ಲಿದೆ. ಬಹು ವರ್ಷಗಳ ಮೇಲೆ ಅವನು ಶಾಕ್ಯರ ಒಂದು ಊರಿನಲ್ಲಿದ್ದ ಬುದ್ಧನನ್ನು ಕಾಣಲು ಹೋದ. ಇಬ್ಬರಿಗೂ ಆಗ ಎಂಬತ್ತು ವರ್ಷವೆಂದು ದೊರೆಯೇ ಅಲ್ಲಿ ಹೇಳುತ್ತಾನೆ. ಬಂಡಿ ಹೋಗುವಷ್ಟು ದೂರ ಬಂಡಿಯಲ್ಲಿ ಹೋಗಿ, ಅಲ್ಲಿ ಇಳಿದು, ಮುಂದಿನ ದಾರಿಯನ್ನು ನಡೆದೇ ಹೋದನಂತೆ.